ಅಂಬಾಸಿಡರ್‌ಗೆ ಐದನೇ ಗೇರು ಬೇಕೇ?

2021ರ ಜುಲೈ ತಿಂಗಳಲ್ಲಿ ಕೇಂದ್ರ ಸರಕಾರ ಹಳೆಯ ವಾಹನಗಳ ನೋಂದಣಿಗೆಂದೇ ಒಂದು ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲಿಯೇ ಉಳಿದ, ಚಾಸಿಸ್, ಬಾಡಿ, ಎಂಜಿನ್ ಯಾವುದರಲ್ಲೂ ದೊಡ್ಡ ಬದಲಾವಣೆ ಕಾಣದ ಗಾಡಿಗಳಿಗೆ ‘ವಿಂಟೇಜ್’ ಎಂಬ ಮರ್ಯಾದೆ. 20,000 ರೂಪಾಯಿ ಕಟ್ಟಿದರೆ ಹತ್ತು ವರ್ಷದ ಅವಧಿಗೆ ‘ವಿಎ’ ಅಕ್ಷರಗಳಿರುವ ವಿಶೇಷ ನಂಬರು ಸಿಗುತ್ತದೆ. ಜೊತೆಗೊಂದು ಷರತ್ತೂ ಇದೆ. ಆ ಗಾಡಿಯನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ಪೆಟ್ರೋಲು ಹಾಕಿಸುವುದಕ್ಕೆ, ರಿಪೇರಿಗೆ ರಸ್ತೆಗೆ ತರಬಹುದು. ದಿನನಿತ್ಯದ ಓಡಾಟಕ್ಕೆ ತರುವಂತಿಲ್ಲ. ಅಂದರೆ ಓಡುವುದಕ್ಕೆಂದೇ ಹುಟ್ಟಿದ ವಸ್ತುವಿಗೆ ನಾವು ಕೊಡುವ ಅತಿ ದೊಡ್ಡ ಗೌರವವೆಂದರೆ ಅದನ್ನು ಓಡಿಸದೇ ಇರುವುದು!

ಈ ನಿಯಮ ತಪ್ಪು ಎನ್ನುವುದು ನನ್ನ ವಾದವಲ್ಲ. ಹಳೆಯ ಗಾಡಿಯ ಹೆಸರಿನಲ್ಲಿ ಹೊಗೆ ಕಾರುವ ಡಬ್ಬಿಗಳೆಲ್ಲ ರಸ್ತೆಗೆ ಇಳಿಯಬಾರದು, ನಿಜ. ಆದರೆ ಇದರ ಹಿಂದೆ ಇರುವ ನಂಬಿಕೆಯೊಂದನ್ನು ಕುರಿತು ಕೆಲವು ತಿಂಗಳಿಂದ ಯೋಚಿಸುತ್ತಿದ್ದೇನೆ. ಹಳೆಯದನ್ನು ಮುಟ್ಟದೆ ಇಡುವುದೇ ಅದಕ್ಕೆ ತೋರುವ ನಿಷ್ಠೆ ಎನ್ನುವ ನಂಬಿಕೆ. ಮುಟ್ಟಿದವನು, ಅದರಲ್ಲೂ ತನ್ನ ಆರಾಮಕ್ಕಾಗಿ ಮುಟ್ಟಿದವನು, ಅದನ್ನು ಕೆಡಿಸಿದ ಎನ್ನುವ ಮಾತು.

ಯೋಚಿಸಲು ಕಾರಣ ನಮ್ಮ ವಿಜಯಪುರದ ಸ್ಟೇಷನ್ ರಸ್ತೆಯ ಒಬ್ಬ ಗೆಳೆಯ ಮತ್ತು ಅವನ 1964ರ ಅಂಬಾಸಿಡರ್. ಅವನ ತಂದೆ ಅದನ್ನು ಹಳೆಯದಾಗಿ ಕೊಂಡು ರೈಲು ನಿಲ್ದಾಣದ ಎದುರು ಬಾಡಿಗೆಗೆ ಓಡಿಸುತ್ತಿದ್ದರು. ತಂದೆ ಈಗಿಲ್ಲ. ಗಾಡಿ ಹಲವು ವರ್ಷ ತಗಡಿನ ಶೆಡ್ಡಿನಲ್ಲಿ ನಿಂತಿತ್ತು. ಮಗ ಅದನ್ನು ಹೊರಗೆಳೆದದ್ದು ಮಾರುವುದಕ್ಕೂ ಅಲ್ಲ, ರ್‍ಯಾಲಿಗೂ ಅಲ್ಲ. ಎಪ್ಪತ್ತು ದಾಟಿದ ಅವನ ತಾಯಿ ಸಮುದ್ರ ನೋಡಿಲ್ಲ. ವಿಜಯಪುರದ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 52 ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ನೇರ ಅಂಕೋಲೆಗೆ ಮುಟ್ಟುತ್ತದೆ. ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಗಂಡನ ಗಾಡಿಯಲ್ಲೇ ಹೋಗಬೇಕೆಂದು ಆಕೆಯ ಆಸೆ. ಆಕೆಗೆ ಸೊಂಟನೋವೂ ಇದೆ. ಹೀಗಾಗಿ ಗಾಡಿಯನ್ನು ದೂರದ ಪ್ರಯಾಣಕ್ಕೆ ಆರಾಮವಾಗುವಂತೆ ಬದಲಾಯಿಸಬೇಕು. ಎಷ್ಟು ಬದಲಾಯಿಸಬಹುದು? ಇದೇ ಪ್ರಶ್ನೆ.

ಗೆಳೆಯನ ಶೆಡ್ಡಿಗೆ ಬೆಂಗಳೂರಿನಿಂದ ಒಬ್ಬ ಸಂಗ್ರಾಹಕರು ಬಂದಿದ್ದರು. ಹಳೆಯ ಕಾರುಗಳ ಬಗ್ಗೆ ನಿಜವಾದ ಪ್ರೀತಿ ಇರುವವರು. ಮಾರ್ಕ್ 2ರ ಮುಂದಿನ ಜಾಲರಿಯನ್ನು ಕೈಯಲ್ಲಿ ಸವರಿ ನೋಡಿದರು. ಬದಲಾವಣೆಗಳ ಪಟ್ಟಿ ಕೇಳುತ್ತಿದ್ದಂತೆ ಅವರ ಮುಖ ಸಣ್ಣದಾಯಿತು. “ಇಂಥವು ಇನ್ನು ಹುಟ್ಟುವುದಿಲ್ಲ. ನೀವು ಬದಲಾಯಿಸಿದರೆ ಒಂದು ಕಡಿಮೆಯಾದಂತೆ” ಎಂದರು. ಈ ಮಾತಿನಲ್ಲಿ ತೂಕವಿದೆ. ಅವರಂಥ ಹಟಮಾರಿಗಳು ಇಲ್ಲದಿದ್ದರೆ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ನಾವು ನೋಡುವ ಹಳೆಯ ಕಾರುಗಳು ಎಂದೋ ಗುಜರಿಯವನ ತಕ್ಕಡಿ ಏರಿರುತ್ತಿದ್ದವು. ಆದರೂ ಅವರು ‘ಮೂಲ’ ಎಂದದ್ದು ಯಾವುದನ್ನು?

ಅಂಬಾಸಿಡರ್‌ನ ಮೂಲ ಇಂಗ್ಲೆಂಡಿನದು. ಮಾರಿಸ್ ಕಂಪನಿಯ ಆಕ್ಸ್‌ಫರ್ಡ್ ಸೀರೀಸ್ 3 ಎಂಬ ಕಾರು 1956ರಲ್ಲಿ ಅಲ್ಲಿ ಹೊರಬಂತು. ಬಿರ್ಲಾ ಅವರ ಹಿಂದುಸ್ತಾನ್ ಮೋಟಾರ್ಸ್ ಅದೇ ಅಚ್ಚನ್ನು ಬಂಗಾಳದ ಉತ್ತರಪಾಡಾಕ್ಕೆ ತಂದು 1957-58ರಲ್ಲಿ ಅಂಬಾಸಿಡರ್ ಎಂದು ಹೆಸರಿಟ್ಟಿತು. ಇಂಗ್ಲೆಂಡಿನಲ್ಲಿ ಆ ಮಾದರಿ 1959ರಲ್ಲೇ ನಿಂತುಹೋಯಿತು. ಅಲ್ಲಿ ಮೂರು ವರ್ಷ ಬದುಕಿದ ಕಾರು ಇಲ್ಲಿ 2014ರ ಮೇ ತಿಂಗಳವರೆಗೆ ಬದುಕಿತು. ಹೇಗೆ ಬದುಕಿತು? ಬದಲಾಗುತ್ತಲೇ. ಮೊದಲಿನ ಸೈಡ್ ವಾಲ್ವ್ ಎಂಜಿನ್ ಹೋಗಿ 1489 ಸಿಸಿಯ ಓವರ್‌ಹೆಡ್ ವಾಲ್ವ್ ಎಂಜಿನ್ ಬಂತು. ಮುಂದಿನ ಜಾಲರಿ ಬದಲಾಯಿತು, ಡ್ಯಾಶ್‌ಬೋರ್ಡ್ ಬದಲಾಯಿತು. ಆಮೇಲೆ ಡೀಸೆಲ್ ಬಂತು. 1992ರಲ್ಲಿ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ ಬಂತು, ಅದರೊಡನೆ ನೆಲದ ಮೇಲಿನ ಐದು ಗೇರು. ಮುಂದೆ ಡಿಸ್ಕ್ ಬ್ರೇಕು, ಪವರ್ ಸ್ಟೀರಿಂಗು. ಇಷ್ಟಾದರೂ ಹೊರಗಿನಿಂದ ನೋಡಿದರೆ ಅದೇ ಗುಂಡು ಬೆನ್ನು, ಅದೇ ದುಂಡು ಕಣ್ಣು. 2017ರಲ್ಲಿ ಆ ಹೆಸರನ್ನೇ ಫ್ರಾನ್ಸಿನ ಪ್ಯೂಜೋ ಕಂಪನಿಗೆ 80 ಕೋಟಿ ರೂಪಾಯಿಗೆ ಮಾರಿದರು. ಬಿರ್ಲಾ ಕಂಪನಿ ತಾನೇ ಐದು ದಶಕ ಮಾಡಿದ ಕೆಲಸವನ್ನು ಸ್ಟೇಷನ್ ರಸ್ತೆಯ ಮಿಸ್ತ್ರಿ ಒಂದು ಗಾಡಿಗೆ ಮಾಡಿದರೆ ಅದನ್ನು ಅಪಚಾರ ಎನ್ನಬಹುದೇ?

ಮಾತು ಇನ್ನೂ ತೊಡಕಿನದಿದೆ. ಗೆಳೆಯನ ಗಾಡಿಯಲ್ಲಿ 1964ರ ಎಂಜಿನ್ ಇಲ್ಲ. ಪೆಟ್ರೋಲು ತುಟ್ಟಿಯಾದಾಗ ಎಂಬತ್ತರ ದಶಕದಲ್ಲಿ ಅವನ ತಂದೆ ಮ್ಯಾಟಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂಡಿಸಿದ್ದರು. ಆಗ ನಮ್ಮ ಕಡೆಯ ಬಾಡಿಗೆ ಗಾಡಿಗಳಲ್ಲಿ ಅದು ಸಾಮಾನ್ಯ. ಮ್ಯಾಟಡೋರ್ ಎಂಜಿನ್ನಿನ ಅಂಬಾಸಿಡರ್ ಎಂದರೆ ಮೈಯೆಲ್ಲ ನಡುಗುತ್ತ, ಮಾತೆಲ್ಲ ಮುಳುಗಿಸುತ್ತ, ಒಂದು ಲೀಟರಿನಲ್ಲಿ ಹೆಚ್ಚು ದೂರ ಹೋಗುವ ಗಾಡಿ. ಐದು ಮಕ್ಕಳ ಫೀ ಅದರಿಂದಲೇ ಹುಟ್ಟಿತು. ಈಗ ಮಗನಿಗೆ ಆ ನಡುಕ ಬೇಡ. ಗುಜರಿಯಲ್ಲಿ ಸಿಕ್ಕ, ಅದೇ ಕಾಲದ 1489 ಸಿಸಿ ಪೆಟ್ರೋಲ್ ಎಂಜಿನ್ನನ್ನು ಬಿಚ್ಚಿ ಕಟ್ಟಿಸಿ, ಸಾರಿಗೆ ಕಚೇರಿಯ ಅನುಮತಿ ಪಡೆದು ಕೂಡಿಸಲು ಹೊರಟಿದ್ದಾನೆ. ಸಂಗ್ರಾಹಕರ ದೃಷ್ಟಿಯಲ್ಲಿ ಇದು ಮೂಲಕ್ಕೆ ಮರಳುವಿಕೆ. ತಂದೆಯ ದೃಷ್ಟಿಯಲ್ಲಿ? ತಾನು ಸಾಲ ಮಾಡಿ ಹಾಕಿಸಿದ್ದನ್ನು ಮಗ ಕಿತ್ತುಹಾಕುವುದು. ಉತ್ತರಪಾಡಾದವರ 1964 ಮೂಲವಾದರೆ ಸ್ಟೇಷನ್ ರಸ್ತೆಯ ಎಂಬತ್ತರ ದಶಕ ಏಕೆ ಮೂಲವಲ್ಲ? ಗಾಡಿಯ ಮೊದಲ ಕಾಗದಗಳಲ್ಲಿ ಊರು ಬಿಜಾಪುರ, ರಾಜ್ಯ ಮೈಸೂರು. 1973ರಲ್ಲಿ ರಾಜ್ಯದ ಹೆಸರು ಬದಲಾಯಿತು, 2014ರಲ್ಲಿ ಊರಿನ ಹೆಸರು. ಯಾವ ತಾರೀಖಿಗೆ ಮರಳಿದರೆ ಮರಳಿದಂತೆ?

ನಾನು ಏಳನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಶಾಲೆಯಲ್ಲಿ ಕಲಿತವನು. ಇಂಥ ಗೊಂದಲದಲ್ಲಿ ಎರಡೂ ಭಾಷೆಗಳ ಪದಗಳನ್ನು ಎದುರು ಬದುರು ಕೂಡಿಸಿ ನೋಡುವುದು ನನ್ನ ಚಟ. ಕನ್ನಡದಲ್ಲಿ ನಾವು ‘ದುರಸ್ತಿ’ ಎನ್ನುತ್ತೇವೆ. ಅದು ಫಾರಸಿಯ ‘ದುರುಸ್ತ್’, ಎಂದರೆ ಸರಿ ಎಂಬುದರಿಂದ ಬಂದದ್ದು. ಉರ್ದುವಿನಲ್ಲಿ ಬದಲಾಯಿಸುವುದಕ್ಕೆ ಬೇರೆ ಬೇರೆ ಹೆಸರುಗಳಿವೆ. ಮುರಿದದ್ದನ್ನು ಕೂಡಿಸುವುದು ಮರಮ್ಮತ್. ಶಾಗಿರ್ದ್ ಬರೆದ ಗಜಲನ್ನು ಉಸ್ತಾದ್ ತಿದ್ದುವುದು ಇಸ್ಲಾಹ್. ಅರ್ಧ ಸಾಲು ಬದಲಾದರೂ ಗಜಲು ಶಾಗಿರ್ದನದೇ, ಮುಶಾಯಿರಾದಲ್ಲಿ ಓದುವವನೂ ಅವನೇ. ಕಾನೂನನ್ನು ಬದಲಾಯಿಸುವುದು ತರ್ಮೀಮ್. ಅದಕ್ಕೆ ತಾರೀಖು ಬೇಕು, ಸಹಿ ಬೇಕು, ಹಳೆಯ ಪಾಠವೂ ಕಡತದಲ್ಲಿ ಉಳಿಯಬೇಕು. ನಾಲ್ಕನೆಯದು ತಹರೀಫ್. ಮೂಲಪಾಠವನ್ನು ತಿರುಚಿ, ಇದೇ ಮೂಲ ಎಂದು ಓದುಗನ ಕೈಗೆ ಕೊಡುವುದು. ತಹರೀಫ್‌ಗೆ ಒಂದು ಅಕ್ಷರ ಸಾಕು. ಇಸ್ಲಾಹ್‌ನಲ್ಲಿ ಇಡೀ ಸಾಲೇ ಹೋಗಬಹುದು. ಎಷ್ಟು ಬದಲಾಯಿತು ಎಂಬುದರಿಂದ ಈ ಪದಗಳು ಬೇರೆಯಾಗಿಲ್ಲ. ಯಾರಿಗೆ ಹೇಳಿ ಮಾಡಿದೆ, ಯಾರಿಂದ ಮುಚ್ಚಿಟ್ಟೆ ಎಂಬುದರಿಂದ ಬೇರೆಯಾಗಿವೆ.

ಇದೇ ಜಗಳ ಇಂಗ್ಲೆಂಡಿನಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿತ್ತು. ‘ಓಲ್ಡ್ ನಂಬರ್ ವನ್’ ಎಂಬ ಬೆಂಟ್ಲಿ ಕಾರು 1929 ಮತ್ತು 1930ರಲ್ಲಿ ಫ್ರಾನ್ಸಿನ ಲೆ ಮಾನ್ ಎಂಬ 24 ಗಂಟೆಗಳ ಓಟವನ್ನು ಗೆದ್ದಿತ್ತು. ಆಮೇಲೆ ಅದರ ಒಡೆಯರು ಬೇರೆ ಓಟಗಳಿಗೆಂದು ಅದನ್ನು ಬದಲಾಯಿಸುತ್ತ ಹೋದರು. ಬಾಡಿ ಹೋಯಿತು, ಎಂಜಿನ್ ಹೋಗಿ ದೊಡ್ಡ ಎಂಜಿನ್ ಬಂತು, ಚಾಸಿಸ್ ಕೂಡ ಉಳಿಯಲಿಲ್ಲ. ದಶಕಗಳ ನಂತರ ಒಂದು ಕೋಟಿ ಪೌಂಡಿನ ಬೆಲೆಗೆ ವ್ಯಾಪಾರ ಕುದುರಿತು. ಕೊಳ್ಳುವವರು, ಇದು ಆ ಕಾರೇ ಅಲ್ಲ ಎಂದು ಹಿಂದೆ ಸರಿದರು. 1990ರಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಆಟನ್ ತೀರ್ಪು ಕೊಟ್ಟರು. ಮೊದಲಿನ ಲೋಹ ಅದರಲ್ಲಿ ಅತ್ಯಲ್ಪವೇ ಉಳಿದಿದ್ದರೂ ಅದೇ ಕಾರು ಎಂದರು. ಏಕೆಂದರೆ ಒಂದು ದಿನವೂ ಅದು ಬೇರೆ ಕಾರಾಗಿ ಹುಟ್ಟಲಿಲ್ಲ. ಪ್ರತಿ ಬದಲಾವಣೆಯೂ ಅದೇ ಕಾರಿಗೆ, ಎಲ್ಲರ ಎದುರು ಆಯಿತು. ನಮ್ಮ ಹಳ್ಳಿಗಳ ‘ಅಜ್ಜನ ಕೊಡಲಿ’ಯ ನಗೆಮಾತು ಗೊತ್ತಲ್ಲ, ಮೂರು ಸಲ ಕಾವು, ಎರಡು ಸಲ ಅಲಗು ಬದಲಾದರೂ ಅಜ್ಜನದೇ ಕೊಡಲಿ. ಆ ನಗೆಮಾತಿಗೆ ಕೋರ್ಟಿನ ಮೊಹರು ಬಿದ್ದಂತಾಯಿತು.

ನಮ್ಮ ದೇಶದ ಕಾನೂನು ಇಷ್ಟು ಉದಾರವಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯ ರಚನೆಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನು ಗಟ್ಟಿಯಾಗಿಯೇ ಹೇಳಿತು. ಇದರ ಹಿಂದಿನ ಕಾಳಜಿ ಸೌಂದರ್ಯದ್ದಲ್ಲ, ಜೀವದ್ದು. ಮನಸ್ಸಿಗೆ ಬಂದಂತೆ ಕತ್ತರಿಸಿ ಉದ್ದ ಮಾಡಿದ ಗಾಡಿ ದಾರಿಯಲ್ಲಿ ಎರಡು ತುಂಡಾದರೆ ಸಾಯುವವರಲ್ಲಿ ಒಡೆಯನಷ್ಟೇ ಇರುವುದಿಲ್ಲ. ಹೀಗಾಗಿ ಗೆಳೆಯ ಯಾವುದನ್ನೂ ಸಾರಿಗೆ ಕಚೇರಿಗೆ ತಿಳಿಸದೆ ಮಾಡುತ್ತಿಲ್ಲ. ಕಚೇರಿಗೆ ಅಲೆದಲೆದು ಚಪ್ಪಲಿ ಸವೆದಿದೆ ಎನ್ನುತ್ತಾನೆ. ಇರಲಿ, ತರ್ಮೀಮ್‌ಗೆ ಅಷ್ಟು ಬೆಲೆ ಇದ್ದದ್ದೇ.

ಇನ್ನು ಮುಟ್ಟದೆ ಇಡುವ ವಾದ. ಗಾಡಿಯನ್ನು ನಾವು ಮುಟ್ಟದಿದ್ದರೂ ಲೋಕ ಮುಟ್ಟುತ್ತದೆ. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು ಬಂತು. ಮಕ್ಕಳ ಆರೋಗ್ಯಕ್ಕೆ ಅದು ವರದಾನ. ಆದರೆ ಸೀಸದ ಲೇಪವನ್ನೇ ನಂಬಿ ಕೂತಿದ್ದ ಹಳೆಯ ಎಂಜಿನ್ನಿನ ವಾಲ್ವ್ ಸೀಟುಗಳು ಸವೆಯತೊಡಗಿದವು. ಈಗ ಗಟ್ಟಿ ಲೋಹದ ಸೀಟು ಕೂಡಿಸಲೇಬೇಕು. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇಕಡ 20ಕ್ಕೆ ಮುಟ್ಟಿತು. ನಮ್ಮ ಕೃಷ್ಣೆಯ ದಂಡೆಯ ಕಬ್ಬು, ನಮ್ಮದೇ ಸಕ್ಕರೆ ಕಾರ್ಖಾನೆ, ರೈತನಿಗೆ ನಾಲ್ಕು ಕಾಸು. ಆದರೆ ಆ ಎಥನಾಲು ಹಳೆಯ ರಬ್ಬರ್ ನಳಿಕೆಗಳನ್ನು, ಪಂಪಿನ ಪೊರೆಯನ್ನು ಮೆತ್ತಗೆ ತಿನ್ನುತ್ತದೆ. ಮೂಲದ ನಳಿಕೆಯನ್ನೇ ಇಡುತ್ತೇನೆ ಎಂದು ಹಟ ಹಿಡಿದರೆ ಒಂದು ದಿನ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಸೋರುತ್ತದೆ. 

ರಸ್ತೆಯೂ ಬದಲಾಗಿದೆ. ಆ ಗಾಡಿ ಹುಟ್ಟಿದಾಗ ಎದುರಿಗೆ ಬರುತ್ತಿದ್ದುದು ಚಕ್ಕಡಿ, ಟಾಂಗಾ, ನಿಧಾನದ ಲಾರಿ. ಈಗ ನಾಲ್ಕು ಪಥದ ಮೇಲೆ ನೂರರ ವೇಗದಲ್ಲಿ ಬರುವ ಬಸ್ಸು ಗಕ್ಕನೆ ನಿಲ್ಲಬಲ್ಲದು. ಅದರ ಹಿಂದೆ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕಿನ ಅಂಬಾಸಿಡರ್ ನಿಲ್ಲಲಾರದು. ಅರಬೈಲು ಘಟ್ಟದಂಥ ಇಳಿಜಾರಿನಲ್ಲಿ ಪದೇ ಪದೇ ಒತ್ತಿದ ಡ್ರಮ್ಮು ಕಾದು, ಹಿಡಿತ ಕಳೆದುಕೊಂಡು, ಪೆಡಲು ಇದ್ದೂ ಇಲ್ಲದಂತಾಗುತ್ತದೆ. ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕು, ಕಾಲಿನ ಒತ್ತಡ ಕಡಿಮೆ ಮಾಡುವ ಬೂಸ್ಟರು, ಹಳೆಯ ಕ್ರಾಸ್‌ಪ್ಲೈ ಟೈರಿನ ಬದಲು ರೇಡಿಯಲ್. ಇವು ಕಂಪನಿಯೇ ಕೊನೆಕೊನೆಗೆ ಕೊಟ್ಟ ಭಾಗಗಳು. ಇವನ್ನು ಕೂಡಿಸಲು ಯಾವ ತತ್ವಶಾಸ್ತ್ರವೂ ಅಡ್ಡ ಬರಬಾರದು ಎಂದು ನನ್ನ ಅಭಿಪ್ರಾಯ. ಸೀಟ್ ಬೆಲ್ಟಿಗಾಗಿ ಕಂಬಕ್ಕೆ ತೂತು ಕೊರೆದು ತಗಡು ಬೆಸೆದಾಗ ಸಂಗ್ರಾಹಕರು ಕಣ್ಣು ಮುಚ್ಚಿಕೊಂಡಿರಬಹುದು. ನನಗೆ ತಕರಾರಿಲ್ಲ.

ಸುರಕ್ಷತೆಯ ಮಾತು ಸುಲಭ. ಕಷ್ಟ ಬರುವುದು ಆರಾಮದ ಮಾತಿನಲ್ಲಿ.

ಆರಾಮ ಎಂದರೆ ಸಣ್ಣ ವಿಷಯ, ಚಪಲ, ಶ್ರೀಮಂತರ ಸೋಗು ಎಂದು ನಾವು ತಿಳಿಯುತ್ತೇವೆ. ಹಳೆಯ ಗಾಡಿಯ ಪ್ರೇಮಿಗಳಲ್ಲಿಯೂ ಕಷ್ಟಪಟ್ಟು ಓಡಿಸಿದವನಿಗೇ ಹೆಚ್ಚು ಮರ್ಯಾದೆ. ಆದರೆ ಅಂಬಾಸಿಡರ್‌ನ ಆರಾಮಕ್ಕೆ ಒಂದು ಇತಿಹಾಸವಿದೆ. ಆ ಗಾಡಿಗೆ ನಮ್ಮ ದೇಶದಲ್ಲಿ ಆದ ಅಲಂಕಾರಗಳನ್ನು ನೆನೆಸಿಕೊಳ್ಳಿ. ಹಿಂದಿನ ಕಿಟಕಿಗೆ ಪರದೆ, ಹಿಂದಿನ ಸೀಟಿನ ಮೇಲೆ ಬಿಳಿ ಟವೆಲ್ಲು, ಹಿಂದೆ ಕೂತವರ ಮುಖಕ್ಕೆ ಸಣ್ಣ ಫ್ಯಾನು, ಹಿಂದೆ ಓದಲು ದೀಪ. ಕಲೆಕ್ಟರು, ಮಂತ್ರಿ, ಮಿಲ್ಲಿನ ಮಾಲೀಕ ಎಲ್ಲರೂ ಹಿಂದೆ. ಮುಂದೆ ಕೂತವನಿಗೆ? ಎಂಜಿನ್ನಿನ ಕಾವು ಪಾದಕ್ಕೆ, ಕಲ್ಲಿನಂಥ ಸ್ಟೀರಿಂಗು ಭುಜಕ್ಕೆ. ಮೇ ತಿಂಗಳಲ್ಲಿ, ನಲವತ್ತು ಡಿಗ್ರಿ ದಾಟಿದ ಬಿಸಿಲಿನಲ್ಲಿ, ಪಂಪಿನಲ್ಲಿ ಪೆಟ್ರೋಲು ಆವಿಯಾಗಿ ಗಾಡಿ ನಿಂತರೆ ಕೆಳಗಿಳಿದು ಪಂಪಿಗೆ ಒದ್ದೆ ಬಟ್ಟೆ ಸುತ್ತಬೇಕಾದವನೂ ಅವನೇ. ಅದೇ ಬಟ್ಟೆಯಿಂದ ಅವನು ತನ್ನ ಕುತ್ತಿಗೆ ಒರೆಸಿಕೊಂಡದ್ದನ್ನು ನಾನು ನೋಡಿದ್ದೇನೆ.

ಬಾಡಿಗೆ ಗಾಡಿಯಲ್ಲಿ ಕಥೆ ಇನ್ನೂ ಬೇರೆ. ಅಂಬಾಸಿಡರ್‌ನ ಗೇರು ಸ್ಟೀರಿಂಗಿನ ಬಳಿಯೇ ಇರುತ್ತದೆ, ನೆಲದ ಮೇಲಲ್ಲ. ಮುಂದಿನ ಸೀಟು ಒಂದೇ ಉದ್ದನೆಯ ಬೆಂಚು. ಇಂಗ್ಲೆಂಡಿನ ಎಂಜಿನಿಯರು ಅದನ್ನು ಕುಟುಂಬದ ಅನುಕೂಲಕ್ಕೆ ಮಾಡಿರಬೇಕು. ನಮ್ಮ ಸ್ಟೇಷನ್ ರಸ್ತೆ ಅದರಲ್ಲಿ ಬೇರೊಂದು ಸಾಧ್ಯತೆ ಕಂಡುಕೊಂಡಿತು. ಅಡ್ಡಕ್ಕೆ ಯಾವ ಕಡ್ಡಿಯೂ ಇಲ್ಲವಾದ್ದರಿಂದ ಡ್ರೈವರನ ಪಕ್ಕ ಮೂವರನ್ನು ತುಂಬಬಹುದು! ಮೂವರು ಕೂತ ಮೇಲೆ ಡ್ರೈವರನಿಗೆ ಉಳಿಯುವುದು ಅರ್ಧ ಕುಂಡೆಯ ಜಾಗ. ಗೆಳೆಯನ ತಂದೆ ಬಲಮೊಣಕೈಯನ್ನು ಕಿಟಕಿಯ ಹೊರಗೆ ಚಾಚಿ, ಬಾಗಿಲಿಗೆ ಬೆನ್ನು ಒತ್ತಿ, ಒಂದು ತೊಡೆಯನ್ನು ಗಾಳಿಯಲ್ಲಿಟ್ಟು ತಿಕೋಟಾಕ್ಕೆ, ಬಬಲೇಶ್ವರಕ್ಕೆ ದಿನಕ್ಕೆ ಎಷ್ಟೋ ಸಲ ಹೋಗಿ ಬರುತ್ತಿದ್ದರು. ವಯಸ್ಸಾದ ಮೇಲೆ ಮಸೀದಿಯ ಸಫ್‌ನಲ್ಲಿ ನಿಂತಾಗಲೂ ಅವರು ಬಲಕ್ಕೆ ತುಸು ವಾಲಿಯೇ ನಿಲ್ಲುತ್ತಿದ್ದುದನ್ನು ಮೊಹಲ್ಲಾದವರೆಲ್ಲ ನೋಡಿದ್ದಾರೆ.

ಆ ಬೆಂಚು ಮೂಲದ್ದು. 1964ರದ್ದು. ಸ್ಪ್ರಿಂಗು ಕೂಡ ಅವೇ. ಸಂಗ್ರಾಹಕರು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ಅದನ್ನೇ. ಗೆಳೆಯ ಎಲ್ಲಕ್ಕಿಂತ ಮೊದಲು ಕಿತ್ತದ್ದೂ ಅದನ್ನೇ.

ಇಲ್ಲಿ ಇಬ್ಬರ ನಿಷ್ಠೆಯೂ ನಿಜ. ಒಬ್ಬರದು ವಸ್ತುವಿಗೆ, ಇನ್ನೊಬ್ಬನದು ಆ ವಸ್ತುವಿನ ಮೇಲೆ ಕೂತಿದ್ದ ಮೈಗೆ. ನಾನು ಎರಡನೆಯವನ ಪರ. ಹಳೆಯ ವಸ್ತುವನ್ನು ಅದರ ನೋವಿನ ಸಮೇತ ಕಾಪಾಡಬೇಕು ಎನ್ನುವವರು ಸಾಮಾನ್ಯವಾಗಿ ಆ ನೋವನ್ನು ಉಂಡವರಲ್ಲ. ಡ್ರೈವರನ ಸೀಟಿಗೆ ಬೆನ್ನಿನ ಆಸರೆ ಬರಲು, ಭುಜಕ್ಕೆ ಪವರ್ ಸ್ಟೀರಿಂಗಿನ ಸಹಾಯ ಬರಲು ಈ ಗಾಡಿ ಅರವತ್ತು ವರ್ಷ ಕಾಯಬೇಕಾಯಿತು. ಹಿಂದಿನ ಸೀಟಿಗೆ ಟವೆಲ್ಲು ಬರಲು ಅರವತ್ತು ದಿನವೂ ಬೇಕಾಗಿರಲಿಲ್ಲ.

ಆದರೆ ಪ್ರಯಾಣಿಕರ ಆರಾಮದ ಹೆಸರಿನಲ್ಲಿ ಏನನ್ನಾದರೂ ಬದಲಾಯಿಸಬಹುದೇ? ಇದಕ್ಕೆ ಉತ್ತರ ಹುಡುಕಲು ಸ್ಟೇಷನ್ ರಸ್ತೆಯಿಂದ ದೂರ ಹೋಗಬೇಕಿಲ್ಲ. ಇದೇ ರಸ್ತೆಯಲ್ಲಿ, ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರದಲ್ಲಿ, ಗೋಲಗುಮ್ಮಟವಿದೆ. ಅದರ ಪಕ್ಕಕ್ಕೊಂದು ಚಂದದ ಮಸೀದಿ. 1884ರಲ್ಲಿ ಇಲ್ಲಿಗೆ ರೈಲು ಬಂತು. ಜಿಲ್ಲಾ ಕೇಂದ್ರವೂ ಕಲಾದಗಿಯಿಂದ ಬಿಜಾಪುರಕ್ಕೆ ಬಂತು. ಬ್ರಿಟಿಷ್ ಅಧಿಕಾರಿಗಳಿಗೆ ಕಚೇರಿ ಬೇಕು, ಮನೆ ಬೇಕು, ಬಂದುಹೋಗುವ ಸಾಹೇಬರಿಗೆ ತಂಗುವ ಜಾಗ ಬೇಕು. ಆದಿಲ್‌ಶಾಹಿ ಕಟ್ಟಡಗಳು ಹೇಗೂ ಖಾಲಿ ಬಿದ್ದಿವೆ ಎಂದುಕೊಂಡರು. ಒಂದು ಮಸೀದಿ ಅಂಚೆ ಕಚೇರಿಯಾಯಿತು. ಗೋಲಗುಮ್ಮಟದ ಪಕ್ಕದ ಮಸೀದಿ ಪ್ರವಾಸಿಗಳ ಬಂಗಲೆಯಾಯಿತು. ನಮಾಜಿನ ಸಾಲುಗಳು ನಿಲ್ಲುತ್ತಿದ್ದ ನೆಲದ ಮೇಲೆ ದೂರದಿಂದ ಬಂದವರ ಮಂಚ! ವೈಸರಾಯ್ ಲಾರ್ಡ್ ಕರ್ಜನ್‌ನ ಕಾಲದಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಇಂಥ ಬಳಕೆಯನ್ನು ತೆರವು ಮಾಡಿಸಿದರು. ಕರ್ಜನ್ ನಮ್ಮ ನಾಡಿಗೆ ಮಾಡಿದ ಅನ್ಯಾಯಗಳ ಪಟ್ಟಿ ಉದ್ದವಿದೆ. ಈ ಒಂದು ಕೆಲಸಕ್ಕೆ ಮಾತ್ರ ಅವನಿಗೆ ಸಲಾಮು ಹೇಳಬೇಕು.

ಪ್ರವಾಸಿಗೆ ಆರಾಮ ಬೇಕು ಎಂಬುದರಲ್ಲಿ ದೋಷವಿರಲಿಲ್ಲ. ಬಂದವರು ದಣಿದೇ ಬಂದಿರುತ್ತಿದ್ದರು. ದೋಷವಿದ್ದದ್ದು ಆ ನೆಲ ಯಾರದೋ ಅವರನ್ನು ಕೇಳದೇ ಇದ್ದುದರಲ್ಲಿ. ಇದನ್ನು ಗಾಡಿಗೆ ಹೊಂದಿಸಿ ನೋಡಿದರೆ ನನ್ನ ಗೆಳೆಯನ ವಿಷಯದಲ್ಲಿ ಕೇಳಬೇಕಾದವರು ಯಾರು? ಕಾಗದದ ಪ್ರಕಾರ ಒಡೆಯ ಅವನೇ. ಆದರೆ ಒಡೆತನ ಎಲ್ಲ ಪ್ರಶ್ನೆಗೂ ಉತ್ತರವಲ್ಲ. ತಂದೆಯಿಂದ ಬಂದದ್ದು ಮಗನ ಕೈಯಲ್ಲಿ ಅಮಾನತ್ತೂ ಹೌದು. ಮುಂದೆ ಅವನ ಮಗಳು ದೊಡ್ಡವಳಾಗಿ, ಅಜ್ಜನ ಗಾಡಿ ಹೇಗಿತ್ತು ಎಂದು ಕೇಳಿದರೆ ತೋರಿಸಲು ಏನಾದರೂ ಇರಬೇಕು. ಸತ್ತವರನ್ನು ಕೇಳಲಾಗದು, ಹುಟ್ಟುವವರನ್ನೂ ಕೇಳಲಾಗದು. ಅವರಿಬ್ಬರ ಪರವಾಗಿ ಬದುಕಿರುವವನು ಸ್ವಲ್ಪ ಸಂಕೋಚಪಡಬೇಕು ಅಷ್ಟೇ.

ಆ ಸಂಕೋಚವನ್ನು ನಾನು ಅವನ ಶೆಡ್ಡಿನಲ್ಲಿ ಕಂಡೆ. ಸ್ಟೇಷನ್ ರಸ್ತೆಯ ವಯಸ್ಸಾದ ಮಿಸ್ತ್ರಿಯೊಬ್ಬರು ಕೆಲಸ ಮಾಡುತ್ತಿದ್ದಾರೆ. ಓದು ಹೆಚ್ಚಿಲ್ಲ, ಕೈ ಮಾತ್ರ ಎಂಜಿನಿಯರನದು. ಹೊಸ ಸೀಟುಗಳನ್ನು ಹಳೆಯ ಬೆಂಚಿನ ಬೋಲ್ಟುಗಳ ತೂತಿಗೇ ಹೊಂದುವಂತೆ ಕೆಳಗೊಂದು ಚೌಕಟ್ಟು ಮಾಡಿ ಕೂಡಿಸಿದ್ದಾರೆ. ಬಿಚ್ಚಿದ ಬೆಂಚು ಬಟ್ಟೆ ಸುತ್ತಿಕೊಂಡು ಮಾಳಿಗೆಯಲ್ಲಿದೆ. ಡೈನಮೋ ಬದಲು ಆಲ್ಟರ್ನೇಟರು ಬಂದಿದೆ, ಏಸಿಗೆ ವಿದ್ಯುತ್ತು ಬೇಕಲ್ಲ. ಡೈನಮೋ ಗೋಣಿಚೀಲದಲ್ಲಿದೆ, ಕತ್ತಿಗೊಂದು ಚೀಟಿ, ಅದರ ಮೇಲೆ ಉರ್ದುವಿನಲ್ಲಿ ತಾರೀಖು. ಪೆಟ್ರೋಲಿನ ವಿದ್ಯುತ್ ಪಂಪು ಹಿಂದೆ, ಟ್ಯಾಂಕಿನ ಹತ್ತಿರ, ಕಾವಿಗೆ ದೂರ. ಇನ್ನು ಒದ್ದೆ ಬಟ್ಟೆ ಬೇಕಿಲ್ಲ. ಹಳೆಯ ಲಿವರ್ ಮಾದರಿಯ ಶಾಕ್ ಅಬ್ಸಾರ್ಬರುಗಳ ಜಾಗಕ್ಕೆ ಟೆಲಿಸ್ಕೋಪಿಕ್ ಬಂದಿವೆ. ತಾಯಿಯ ಸೊಂಟಕ್ಕೆ ಎಲ್ಲಕ್ಕಿಂತ ಹೆಚ್ಚು ಉಪಕಾರವಾಗುವುದು ಇದರಿಂದಲೇ ಎಂದು ನನಗನಿಸುತ್ತದೆ. ನೆಲಕ್ಕೆ ನಮದಾ ಹಾಸಿ, ಮೇಲೆ ರಬ್ಬರು. ಈಗ ಬಾಗಿಲು ಹಾಕಿದರೆ ಸಪ್ಪಳವೇ ಬೇರೆ.

ಏಸಿಯ ಬಗ್ಗೆ ನನಗೆ ಅನುಮಾನವಿತ್ತು. ಸಣ್ಣ ಎಂಜಿನ್ನಿಗೆ ಅದೊಂದು ಹೊರೆ. ರೇಡಿಯೇಟರು ದೊಡ್ಡದಾಗಬೇಕು, ಮತ್ತೊಂದು ಫ್ಯಾನು ಬೇಕು, ಒಂದು ಬದಲಾವಣೆ ಹತ್ತು ಬದಲಾವಣೆಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಕಾರು ಪ್ರಿಯರಿಗೆ ಇದು ಗೊತ್ತಿರುವ ರೋಗ. ಇಂದು ಅಲ್ಲಿ ಆರಾಮ ಎಂದು ಹಿಡಿದ ಸ್ಪ್ಯಾನರು ನಾಳೆ ಎಲ್ಲಿ ನಿಲ್ಲುತ್ತದೋ ಹೇಳಲಾಗದು. ಆದರೂ ನಮ್ಮ ಬಿಸಿಲಿನಲ್ಲಿ ಎಪ್ಪತ್ತು ದಾಟಿದವರನ್ನು ಕೂಡಿಸಿಕೊಂಡು ಹೊರಡುವವನಿಗೆ ಏಸಿ ಬೇಡವೆಂದು ಕತೆ ಬರೆಯುವವನೊಬ್ಬ ಫ್ಯಾನಿನ ಕೆಳಗೆ ಕೂತು ಹೇಳುವುದು ಸರಿಯಲ್ಲ. ಡ್ಯಾಶ್‌ಬೋರ್ಡಿಗೆ ತೂತು ಕೊರೆಯಲು ಮಾತ್ರ ಮಿಸ್ತ್ರಿ ಒಪ್ಪಲಿಲ್ಲ. “ಅದು ಗಾಡಿ ಮಾರಿ ಐತ್ರಿ. ಮಾರಿಗೆ ತೂತು ಹಾಕಂಗಿಲ್ಲ. ಕೆಳಗ ಪೆಟಗಿ ಕುಂದ್ರಸತೀನಿ” ಎಂದರು. ಏಸಿಯ ಪೆಟ್ಟಿಗೆ ಡ್ಯಾಶ್‌ಬೋರ್ಡಿನ ಕೆಳಗೆ ನೇತಾಡುತ್ತಿದೆ. ನೋಡಲು ಚೆನ್ನಾಗಿಲ್ಲ. ತಂಪು ಬರುತ್ತದೆ.

ಉಳಿದದ್ದು ಐದನೇ ಗೇರು. ಗುಜರಿಗೆ ಬಂದ 1800 ಸಿಸಿಯ ಅಂಬಾಸಿಡರ್‌ವೊಂದರ ಗೇರ್ ಬಾಕ್ಸನ್ನು ಗೆಳೆಯ ಮುಂಚೆಯೇ ತಂದಿಟ್ಟಿದ್ದಾನೆ. ಅದರ ಉಪಯೋಗದ ಬಗ್ಗೆ ಎರಡು ಮಾತಿಲ್ಲ. ಹಳೆಯ ನಾಲ್ಕು ಗೇರಿನಲ್ಲಿ ಎಂಬತ್ತರ ವೇಗಕ್ಕೆ ಎಂಜಿನ್ ಕಿರುಚುತ್ತದೆ. ಐದನೆಯದು ಇದ್ದರೆ ಅದೇ ವೇಗದಲ್ಲಿ ಎಂಜಿನ್ ನಿಧಾನ ಉಸಿರಾಡುತ್ತದೆ, ಪೆಟ್ರೋಲು ಉಳಿಯುತ್ತದೆ, ಒಳಗೆ ಕೂತವರು ಮೆಲುದನಿಯಲ್ಲಿ ಮಾತಾಡಬಹುದು. ಒಂದೇ ದಿನದಲ್ಲಿ ಅಂಕೋಲೆ ಮುಟ್ಟಬಹುದು. ಆದರೆ ಈ ಡಬ್ಬಿಯ ಗೇರು ನೆಲದ ಮೇಲಿನದು. ಅಡಾಪ್ಟರ್ ತಟ್ಟೆ ಮಾಡಿಸಿ ಎಂಜಿನ್ನಿಗೆ ಜೋಡಿಸುವುದಲ್ಲದೆ, ಗಾಡಿಯ ನೆಲವನ್ನು ಕತ್ತರಿಸಬೇಕು. ಈ ಗಾಡಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಅದರ ಎಲುಬು. ಸ್ಟೀರಿಂಗಿನ ಬಳಿಯ ಗೇರುಕಡ್ಡಿ ಹೋಗುತ್ತದೆ. ತಂದೆಯ ಎಡಗೈ ತಿಕ್ಕಿ ತಿಕ್ಕಿ ಅದರ ತುದಿಯ ಗುಂಡು ಒಂದು ಕಡೆ ಚಪ್ಪಟೆಯಾಗಿದೆ. ಅದನ್ನು ಗೋಣಿಚೀಲದಲ್ಲಿ ಹಾಕಿ ಚೀಟಿ ಕಟ್ಟಬಹುದು. ಕತ್ತರಿಸಿದ ನೆಲವನ್ನು ಯಾವ ಚೀಲದಲ್ಲೂ ಇಡಲಾಗದು. ಬೆಂಚನ್ನು ಮುಂದೆ ಯಾರಾದರೂ ಮರಳಿ ಕೂಡಿಸಿದರೂ ನಡುವೆ ಕಡ್ಡಿ ನಿಂತಿರುತ್ತದೆ. 

ಬೇಡ ಎಂದು ನಾನು ಹೇಳಿದೆ. ಬೆಲ್ಟಿಗೆ ತೂತು ಒಪ್ಪಿದವನು ಇದನ್ನು ಏಕೆ ಒಪ್ಪುವುದಿಲ್ಲ ಎಂದು ಗೆಳೆಯ ಕೇಳಿದ. ಬೆಲ್ಟು ಉಳಿಸುವುದು ಜೀವ, ಐದನೇ ಗೇರು ಉಳಿಸುವುದು ಎರಡೋ ಮೂರೋ ತಾಸು ಎಂದೆ. ಸದ್ದು ಕಡಿಮೆಯಾದರೆ ತಾಯಿಗೆ ಆರಾಮವಲ್ಲವೇ ಎಂದು ಅವನು ಮತ್ತೆ ಕೇಳಿದ. ಅರವತ್ತರ ವೇಗದಲ್ಲಿ ಹೋದರೆ ನಾಲ್ಕನೇ ಗೇರಿನಲ್ಲೂ ಎಂಜಿನ್ ಕಿರುಚುವುದಿಲ್ಲ ಎಂದು ಮಿಸ್ತ್ರಿ ನಡುವೆ ಬಾಯಿ ಹಾಕಿದರು. ಅವರ ಕೂಲಿ ಈ ಮಾತಿನಿಂದ ಕಡಿಮೆಯಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಆ ಡಬ್ಬಿ ಈಗಲೂ ಶೆಡ್ಡಿನ ಮೂಲೆಯಲ್ಲಿ ಎಣ್ಣೆ ಕಾಗದ ಸುತ್ತಿಕೊಂಡು ಕೂತಿದೆ. ಗೆಳೆಯ ಇನ್ನೂ ಗಟ್ಟಿ ತೀರ್ಮಾನ ಮಾಡಿಲ್ಲ. ರೇಡಿಯೇಟರು ಕೂಡಿಸುವ ಕೆಲಸ ನಡೆದಿದೆ, ಮಳೆಗಾಲ ಮುಗಿದ ಮೇಲೆ ಹೊರಡುವುದು ಎಂದಾಗಿದೆ. ತಾಯಿ ಒಂದೆರಡು ಸಲ ಶೆಡ್ಡಿಗೆ ಬಂದು ಮುಂದಿನ ಸೀಟಿನಲ್ಲಿ ಕೂತು ನೋಡಿದ್ದಾರೆ. ಗಂಡನ ಕಾಲದಲ್ಲಿ ಆ ಜಾಗದಲ್ಲಿ ಅವರೆಂದೂ ಕೂತವರಲ್ಲ, ಅದು ಬಾಡಿಗೆಯವರ ಜಾಗ. ಹುಬ್ಬಳ್ಳಿಯಲ್ಲಿ ತಂಗಿಯ ಮನೆ ಇದೆಯಲ್ಲ, ಅಲ್ಲಿ ಒಂದು ರಾತ್ರಿ ಉಳಿದು ಹೋದರಾಯಿತು ಎಂದಿದ್ದಾರೆ.